ಮಳೆಯ ರಾತ್ರಿ ಮಾರುವ ಪ್ಲಾಟುಗಳು: ‘ಗ್ಲೆನ್‌ಗ್ಯಾರಿ ಗ್ಲೆನ್ ರಾಸ್’

ಬೆಳಗಾವಿಯಲ್ಲಿ ಹಲವು ವರ್ಷ ಖರೀದಿ ಪತ್ರ, ಸಂಚಕಾರ (ಮುಂಗಡ ಕರಾರು) ಪತ್ರಗಳನ್ನು ಬರೆದುಕೊಟ್ಟ ನನಗೆ, ಜೇಮ್ಸ್ ಫೋಲಿ ನಿರ್ದೇಶನದ 1992ರ ಈ ಅಮೆರಿಕನ್ ಚಿತ್ರದ ಏಜೆಂಟರು ದೂರದವರೆನಿಸಲಿಲ್ಲ. ಡೇವಿಡ್ ಮ್ಯಾಮೆಟ್ ತಮ್ಮದೇ ನಾಟಕವನ್ನು ಚಿತ್ರಕಥೆಯಾಗಿಸಿದ್ದಾರೆ. ಪ್ಲಾಟು ಮಾರುವ ನಾಲ್ವರು, ಒಂದು ಮಳೆಯ ರಾತ್ರಿ, ಮರುದಿನ ಕಚೇರಿಯಲ್ಲಿ ಕಳವಿನ ತನಿಖೆ, ಕಥೆ ಇಷ್ಟೇ.

ಚಿತ್ರದ ವಿಡಂಬನೆ ಅತ್ಯಂತ ಹರಿತವಾಗುವುದು ಮೂಲ ನಾಟಕದಲ್ಲಿಲ್ಲದ ಒಂದು ದೃಶ್ಯದಲ್ಲಿ. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ (ಅಲೆಕ್ ಬಾಲ್ಡ್ವಿನ್) ಮಾರಾಟದಲ್ಲಿ ಮೊದಲು ಬಂದವನಿಗೆ ಕ್ಯಾಡಿಲಾಕ್ ಕಾರು, ಎರಡನೆಯವನಿಗೆ ಚಾಕುಗಳ ಪೆಟ್ಟಿಗೆ, ಮೂರನೆಯವನಿಗೆ ಕೆಲಸದಿಂದ ವಜಾ ಎಂದು ಘೋಷಿಸುತ್ತಾನೆ. ಮಗಳು ಆಸ್ಪತ್ರೆಯಲ್ಲಿರುವಾಗ ಮಳೆಯಲ್ಲಿ ನೆನೆಯುತ್ತ ಬೇಡವೆಂದವರ ಮನೆಗೆ ಹೋಗಿ ಅಂಗಲಾಚುವ ಮುದುಕ ಲೆವೀನ್‌ನ ಪಾತ್ರಕ್ಕೆ ಜ್ಯಾಕ್ ಲೆಮನ್ ಅವರು ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಆ ಮುಖ ನೋಡಿದವರಿಗೆ ಕಾರಣ ಕೇಳಬೇಕಾಗುವುದಿಲ್ಲ. ಕತ್ತಲಿನ ಮೇಲೆ ಬಿದ್ದ ಕೆಂಪು, ನೀಲಿ ದೀಪಗಳು ಇಡೀ ರಾತ್ರಿಯನ್ನು ಅಪರಾಧದ ರಾತ್ರಿಯಾಗಿ ಮಾಡಿವೆ.

ನನ್ನನ್ನು ಹೆಚ್ಚು ಕಾಡಿದ್ದು ಅಲ್ ಪಚೀನೊ ನಟಿಸಿದ ರೋಮಾ. ಅಪರಿಚಿತನೊಬ್ಬನ ಪಕ್ಕ ಕೂತು ಬದುಕು, ಭಯ, ಧೈರ್ಯವೆಂದು ಬಹಳ ಹೊತ್ತು ಮಾತನಾಡಿ, ಆತನ ಮನಸ್ಸು ಪೂರ್ತಿ ಸಡಿಲವಾದ ಮೇಲೆ ಪ್ಲಾಟಿನ ನಕ್ಷೆ ತೆಗೆಯುತ್ತಾನೆ. ಮರುದಿನ ಆ ಮನುಷ್ಯ, ಹೆಂಡತಿ ಬೇಡವೆಂದಳೆಂದು ಹಣ ಕೇಳಲು ಬರುತ್ತಾನೆ. ಕರಾರು ರದ್ದುಮಾಡಲು ಕಾನೂನು ಕೊಟ್ಟಿರುವ ಮೂರು ದಿನಗಳನ್ನು ಹೇಗಾದರೂ ಕಳೆದುಬಿಡುವುದೇ ರೋಮಾನ ಆಟ. ಇಂಥ ಗಂಡಂದಿರನ್ನು ನಾನು ಕಂಡಿದ್ದೇನೆ. “ಉತಾರ ನೋಡೀರೇನ ಅಂತ ಮನ್ಯಾಗ ಕೇಳ್ಯಾರ್ರೀ” (ಉತಾರವೆಂದರೆ ಜಾಗದ ಹಕ್ಕಿನ ದಾಖಲೆ) ಎಂದು ತಲೆತಗ್ಗಿಸಿ ನಿಂತವರಿಗೆ, ನಾಳೆ ದರ ಏರುತ್ತದೆಂದು ಏಜೆಂಟರು ಅವಸರ ಮಾಡಿದ್ದನ್ನೂ ಕಂಡಿದ್ದೇನೆ. ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡವನ್ನು ಬಿಲ್ಡರ್ ಪಡೆಯಬಾರದೆಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಹಣ ಕಟ್ಟಿದ ಮೇಲೆಯೇ ಅದನ್ನು ತಿಳಿದವರು ನನ್ನೆದುರು ಅತ್ತಿದ್ದಾರೆ.

ಕೊರತೆಗಳಿಲ್ಲವೆಂದಲ್ಲ. ಉತ್ತರಾರ್ಧದ ಕಚೇರಿ ದೃಶ್ಯಗಳು ರಂಗಭೂಮಿಯ ಕಟ್ಟನ್ನು ಬಿಟ್ಟು ಹೊರಬರುವುದಿಲ್ಲ, ಬೈಗುಳಗಳಿಂದಾಗಿ ಮಕ್ಕಳೊಡನೆ ನೋಡುವಂತೆಯೂ ಇಲ್ಲ. ಆದರೆ ನನಗೆ ಕೊರೆದದ್ದು ಬೇರೆ. ವ್ಯವಹಾರದ ಮೋಸವನ್ನು ಮೊದಲು ಗುರುತಿಸಿದ ಆ ಹೆಂಡತಿಯನ್ನು ಚಿತ್ರ ಒಮ್ಮೆಯೂ ತೆರೆಯ ಮೇಲೆ ತರುವುದಿಲ್ಲ.