ಅವೆನ್ಯೂ ರಸ್ತೆಯ ಡಬಲ್ ರೂಲ್ ನೋಟ್‌ಬುಕ್: ಗೆರೆಯೇ ತಕರಾರು

ಬೇಸಿಗೆ ರಜೆಗೆ ಮುಂಚೆ 3ನೇ ಕ್ಲಾಸಿನ ಮಕ್ಕಳಿಂದ ‘ಈ ವರ್ಷ ನಾನು ಕಲಿತದ್ದು’ ಬರೆಸಲು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಈ 100 ಪುಟದ ಡಬಲ್ ರೂಲ್ (ಜೋಡಿ ಗೆರೆಯ) ನೋಟ್‌ಬುಕ್ ಪರವಾಗಿಲ್ಲ. ಕಾಗದ ದಪ್ಪ, ರಬ್ಬರ್ ಉಜ್ಜಿದರೂ ಹರಿಯುವುದಿಲ್ಲ. ದೊಡ್ಡ ತೊಂದರೆ ಗೆರೆಯದು. ಇಂಗ್ಲಿಷಿಗೆ ಹಾಕಿದ ಅಳತೆ. ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ. ‘ಅಜ್ಜಿ’ ಅಂತ ಬರೆದರೆ ಜ ಒತ್ತು ಕೆಳಸಾಲಿನ ‘ಕಿ’ಯ ಗುಡಿಸಿಗೆ ತಾಗುತ್ತದೆ. ಎರಡು ಸಲ ಹೀಗಾದರೆ ಮಗು ಒತ್ತನ್ನೇ ಬಿಟ್ಟು ‘ಅಜಿ’ ಬರೆಯುತ್ತದೆ, ನಾವು ಕಾಗುಣಿತ ಬರಲ್ಲ ಅಂತ ಬೈಯುತ್ತೇವೆ! ಸಾಲು ಬಿಟ್ಟು ಸಾಲು ಬರೆಸಿ. ತಿದ್ದಲೂ ಜಾಗ ಉಳಿಯುತ್ತದೆ. ದಿನಕ್ಕೆ ಐದು ವಾಕ್ಯ ಸಾಕು. ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಪೆನ್ಸಿಲ್ ಕೊಡಿ. ಇನ್ನೊಂದು ಕೊರತೆ: ಪಿನ್ ಸಡಿಲ, ಒಂದು ಹಾಳೆ ಕಿತ್ತರೆ ಅದರ ಜೋಡಿಯೂ ಕಳಚಿ ಬರುತ್ತದೆ.