ಕೀಲ್ ಅಂದರೆ ಕೀಲು ಅಲ್ಲ: ಹಾಯಿದೋಣಿಗೆ ಟ್ರೇಲರ್ ಮಾಡಿಸುವವರೇ, ಸ್ವಲ್ಪ ನಿಲ್ಲಿ

ದಾವಣಗೆರೆಯಲ್ಲಿ ಹಾಯಿದೋಣಿ ಇಟ್ಟುಕೊಂಡವರು ಎಷ್ಟು ಜನ ಇರಬಹುದು? ನನ್ನನ್ನು ಬಿಟ್ಟರೆ ಇನ್ನೊಬ್ಬರನ್ನು ನಾನು ನೋಡಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾರಾದರೂ ಹಳೇ ದೋಣಿ ಕೊಂಡು, ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಹತ್ತಿರ ಗಾಡಿ ಕಟ್ಟಿಸೋಣ ಅಂತ ಹೊರಟಿದ್ದರೆ, ನನ್ನ ಕಥೆ ಕೇಳಿ ಆಮೇಲೆ ಅಡ್ವಾನ್ಸ್ ಕೊಡಿ.

ನನ್ನದು 19 ಅಡಿಯ ಫೈಬರ್ ದೋಣಿ. ಮುಂಬೈನಿಂದ ಲಾರಿಯಲ್ಲಿ ಬಂತು. ಹೊಟ್ಟೆಯ ಕೆಳಗೆ ನೀರಿಗೆ ಇಳಿಯುವ ಎರಕದ ಕಬ್ಬಿಣದ ದಪ್ಪ ಫಲಕ ಇದೆ, ಅದೇ ಕೀಲ್, ಸುಮಾರು 180 ಕೆಜಿ. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಮಗುಚದಂತೆ, ಅಡ್ಡಕ್ಕೆ ಜಾರದಂತೆ ಹಿಡಿಯುವುದು ಅದೇ. ಮುಂದಿನ ತುದಿಯಲ್ಲಿ ದಪ್ಪ ಪಿನ್ನು, ಹಿಂದಿನ ತುದಿಗೆ ಉಕ್ಕಿನ ಹಗ್ಗ. ಹಗ್ಗ ಸುತ್ತುವ ವಿಂಚ್ ತಿರುಗಿಸಿದರೆ ಚಾಕು ಮಡಚಿದ ಹಾಗೆ ದೋಣಿಯೊಳಗಿನ ಪೆಟ್ಟಿಗೆಗೆ ಹೋಗುತ್ತದೆ. ಇಳಿಸಿದಾಗ 4 ಅಡಿ ನೀರು ಬೇಕು, ಎತ್ತಿದರೆ ಒಂದೂವರೆ ಅಡಿ ಸಾಕು. ನಮ್ಮ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ (ಅದೇ ಮಾರಿಕಣಿವೆ) ಎರಡರ ಅಂಚಿನಲ್ಲೂ ಇಂಥದ್ದೇ ಸರಿ ಅನ್ನಿಸಿತ್ತು.

ಎಡವಟ್ಟಾಗಿದ್ದು ಒಂದು ಮಾತಿನಲ್ಲಿ. ನಾನು ‘ಕೀಲ್’ ಅಂದೆ, ಟ್ರೇಲರ್ ಅಂಗಡಿಯವರು ‘ಕೀಲು’ ಅಂತ ಕೇಳಿಸಿಕೊಂಡರು. ಬಂಡಿಯ ಕೀಲು ಗೊತ್ತಲ್ವಾ, ಹಾಗೆ. “ಕೀಲು ತಾನೆ ಸಾರ್, ಮೇಲಕ್ಕೆ ಎತ್ಕೊಂಡ್ರೆ ಆತು ಬಿಡ್ರಿ” ಅಂದರು. ನಾನೂ ಹೂಂ ಅಂದೆ. ಮಡಚಿದ ಮೇಲೆ ಒಳಗೇ ಇರುತ್ತದೆ, ಟ್ರೇಲರ್‌ಗೂ ಅದಕ್ಕೂ ಏನು ಸಂಬಂಧ ಅಂತ ನನ್ನ ಲೆಕ್ಕ. ಉದ್ದ, ಅಗಲ ಬರೆದುಕೊಟ್ಟೆ. ನಕ್ಷೆ ಕೊಡಲಿಲ್ಲ. ಇದು ನನ್ನ ತಪ್ಪೇ.

ಅವರು ಕಟ್ಟಿದ್ದು ಗಟ್ಟಿಮುಟ್ಟಾದ ಗಾಡಿ. ಮೂರು ಟನ್ ಹೊರುವ ಪಟ್ಟಿ ಸ್ಪ್ರಿಂಗು, ದೋಣಿ ಕೂರಲು ಎಡಬಲ ಎರಡು ಚಪ್ಪಟೆ ಹಲಗೆ, ಮಧ್ಯದಲ್ಲಿ ಖಾಲಿ. ದೋಣಿಯ ತಳಕ್ಕೂ ಅಡ್ಡ ಚಾನೆಲ್‌ಗೂ ಒಂದು ಗೇಣು ಅಂತರ. ಆಕ್ಸಲ್ ಸರಿಯಾಗಿ ಭಾರದ ನಡುವೆ. “ಒಂದೇ ಕೈಯಲ್ಲಿ ಮೂಕಿ ಎತ್ತಬಹುದು ನೋಡ್ರಿ” ಅಂತ ಎತ್ತಿ ತೋರಿಸಿದರು. ನನಗೂ ಖುಷಿಯಾಯಿತು. ಆ ಖುಷಿಗೇ ಹೆದರಬೇಕಿತ್ತು.

ಅಣೆಕಟ್ಟಿನವರ ಅನುಮತಿ, ಟ್ರೇಲರ್ ನೋಂದಣಿ ಎಲ್ಲ ಮುಗಿಸಿ ಒಂದು ಭಾನುವಾರ ಬೆಳಿಗ್ಗೆ ಮಾರಿಕಣಿವೆಗೆ ಹೊರಟೆವು. ಭಾಮೈದ ಬೊಲೆರೊ ಓಡಿಸುತ್ತಿದ್ದ. ಭರಮಸಾಗರ ದಾಟುವಾಗ ವೇಗ ಅರವತ್ತು ಮುಟ್ಟಿತು ನೋಡಿ, “ಭಾವ, ಹಿಂದಿಂದು ಬಾಲ ಅಲ್ಲಾಡಿಸ್ತಿದೆ” ಅಂದ. ಕನ್ನಡಿಯಲ್ಲಿ ನೋಡಿದೆ. ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ಪಕ್ಕದಲ್ಲಿ ಲಾರಿಗಳು. ಬ್ರೇಕ್ ಒತ್ತಬೇಡ, ಸುಮ್ನೆ ಆಕ್ಸಿಲರೇಟರ್ ಬಿಡು ಅಂದೆ. ಪುಣ್ಯಕ್ಕೆ ನಿಂತಿತು. ಅಲ್ಲಿಂದ ನಲವತ್ತರಲ್ಲೇ ಹೋದೆವು.

ಚಿತ್ರದುರ್ಗ ದಾಟಿ ಐಮಂಗಲದ ಹತ್ತಿರ ಟೀ ಕುಡಿಯೋಣ ಅಂತ ಸರ್ವಿಸ್ ರಸ್ತೆಗೆ ಇಳಿದೆವು. ಹಂಪು. ಧಡ್ ಅಂತ ಶಬ್ದ. ಇಳಿದು ಬಗ್ಗಿ ನೋಡಿದರೆ ಹಗ್ಗ ತುಂಡಾಗಿ ಕೀಲ್ ಅಡ್ಡ ಚಾನೆಲ್ ಮೇಲೆ ಬಿದ್ದಿದೆ. ಆ ಚಾನೆಲ್ ಇಲ್ಲದಿದ್ದರೆ ರಸ್ತೆಗೇ ಬೀಳುತ್ತಿತ್ತು. ಪಿನ್ನಿನ ಸುತ್ತ ಫೈಬರ್ ಸೀಳಿತ್ತು. ಹಲಗೆ ಒತ್ತಿದ ಕಡೆ ತಳ ಎರಡೂ ಬದಿ ಒಳಕ್ಕೆ ತಗ್ಗಾಗಿತ್ತು. ಟೀ ಅಂಗಡಿಯವರು ಕೊಟ್ಟ ಸೌದೆ ತುಂಡು, ನಮ್ಮ ಜಾಕ್ ಎರಡನ್ನೂ ಕೀಲ್ ಕೆಳಗೆ ಒತ್ತಿ, ಹಗ್ಗ ಸುತ್ತಿ ವಾಪಸ್ ಬಂದೆವು. 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿದ್ದಿತ್ತಲ್ಲ ಆ ಮಾರಿಕಣಿವೆ, ಅದರ ನೀರು ನನ್ನ ದೋಣಿಗೆ ಇನ್ನೂ ಸೋಕಿಲ್ಲ.

ಆಮೇಲೆ ಓದಿ, ಕೇಳಿ ತಿಳಿದದ್ದು ಇದು. ಕೀಲ್ ಒಳಗೆ ಹೋದರೂ ಅದರ ಭಾರ ಎಲ್ಲೂ ಹೋಗುವುದಿಲ್ಲ. ನೀವು ಎತ್ತಿ ಬಿಟ್ಟರೆ ಅಷ್ಟೂ ಭಾರ ಆ ಸಣ್ಣ ಹಗ್ಗ ಮತ್ತು ಪಿನ್ನಿನ ಮೇಲೆ ನೇತಾಡುತ್ತದೆ. ನನ್ನ ಗಾಡಿಯ ಸ್ಪ್ರಿಂಗು ಏಳುನೂರು ಕೆಜಿ ದೋಣಿಗೆ ಜಗ್ಗುವುದೇ ಇಲ್ಲ. ಹಾಗಾಗಿ ಪ್ರತಿ ಗುಂಡಿಯ ಏಟೂ ನೇರ ಹಗ್ಗಕ್ಕೆ. ಟ್ರೇಲರ್ ಮಧ್ಯೆ ಉದ್ದಕ್ಕೆ ದಪ್ಪ ಹಲಗೆ ಇರಬೇಕು. ದೋಣಿ ಹತ್ತಿಸಿದ ಮೇಲೆ ವಿಂಚ್ ಸ್ವಲ್ಪ ಸಡಿಲಿಸಿ ಕೀಲನ್ನು ಅದರ ಮೇಲೆ ಕೂರಿಸಬೇಕು. ಭಾರ ಹೊರುವುದು ಆ ನಡುವಿನ ಹಲಗೆ. ಪಕ್ಕದ ಹಲಗೆಗಳು ದೋಣಿ ವಾಲದಂತೆ ತಡೆಯಲಿಕ್ಕೆ ಮಾತ್ರ, ಅವೂ ತಳದ ಓರೆಗೆ ಹೊಂದಿಕೊಂಡಿರಬೇಕು.

ಇನ್ನು ಬಾಲ ಅಲ್ಲಾಡಿಸಿದ್ದು. ಎಪಿಎಂಸಿ ಕಡೆ ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ ನಿಂತು ವೇಬ್ರಿಡ್ಜ್ ಮೇಲೆ ತೂಗಿಸಿದೆ. “ಇದ್ಯಾವ ಫಸಲು ಸಾರ್?” ಅಂದ ಅಲ್ಲಿನ ಹುಡುಗ. ದೋಣಿ, ಗಾಡಿ ಸೇರಿ 1200 ಕೆಜಿ. ಮೂಕಿಯ ತುದಿಯನ್ನು ಚೀಲ ತೂಗುವ ತಕ್ಕಡಿಯ ಮೇಲೆ ಇಟ್ಟರೆ ಬರೀ 18. ನೂರಕ್ಕೆ ಏಳರಿಂದ ಹತ್ತು ಪಾಲು ಅಲ್ಲಿ ಕೂರಬೇಕು, ಅಂದರೆ 84ರಿಂದ 120 ಕೆಜಿ. ಅದಕ್ಕಿಂತ ಹಗುರವಾದರೆ ಹಿಂಬದಿ ತೂಗಾಡುತ್ತದೆ. ಒಂದು ಕೈಯಲ್ಲಿ ಎತ್ತಬಹುದು ಅಂತ ಹೆಮ್ಮೆಪಟ್ಟಿದ್ದು ಇದಕ್ಕೇ!

ನೀರಿಗೆ ಇಳಿಸುವ ವಿಷಯವೂ ಸೇರಿಸಿಬಿಡುತ್ತೇನೆ, ಅದನ್ನು ನಾನು ಇನ್ನೂ ಅನುಭವಿಸಿಲ್ಲವಾದರೂ. ದೂರದಿಂದ ಬಂದ ತಕ್ಷಣ ಚಕ್ರ ಮುಳುಗಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ, ಬೇರಿಂಗ್ ಹಾಳು. ಮತ್ತೆ ಗಾಡಿ ತಗ್ಗಾಗಿರಲಿ. ನನ್ನದರ ಎತ್ತರಕ್ಕೆ ದೋಣಿ ತೇಲುವಷ್ಟರಲ್ಲಿ ಬೊಲೆರೊ ತೇಲುತ್ತಿತ್ತು.

ಅಂಗಡಿಯವರ ಜೊತೆ ಜಗಳ ಆಡಲಿಲ್ಲ. ಆಡಬೇಕು ಅನ್ನಿಸಿತ್ತು, ಸುಳ್ಳು ಯಾಕೆ. ಆದರೆ ಕೀಲ್ ಮುಟ್ಟಿ ನೋಡಿದ ಮೇಲೆ ಅವರೇ ಪೆಚ್ಚಾದರು. “ಇದು ಕೀಲಲ್ರೀ, ರೋಣಗಲ್ಲು” ಅಂದರು. ಅರ್ಧ ಕೂಲಿಗೆ ಆಕ್ಸಲ್ ಒಂದು ಅಡಿ ಹಿಂದಕ್ಕೆ ಸರಿಸಿ, ಸ್ಪ್ರಿಂಗಿನ ಪಟ್ಟಿ ಕಳಚಿ, ನಡುವೆ ಹಲಗೆ ಕೂರಿಸಿಕೊಟ್ಟರು. ತಕ್ಕಡಿ ಈಗ 95 ತೋರಿಸುತ್ತಿದೆ. ಪಿನ್ನಿನ ಹತ್ತಿರದ ಫೈಬರ್ ಕೆಲಸ ಮುಗಿದಿದೆ, ಖರ್ಚು ಮಾತ್ರ ಟ್ರೇಲರ್‌ಗಿಂತ ಜಾಸ್ತಿ ಆಯಿತು. ಹೊಸ ಹಗ್ಗ ಬರುವುದಷ್ಟೇ ಬಾಕಿ. ಅಲ್ಲಿಯವರೆಗೆ ದೋಣಿ ಗೋಡೌನ್‌ನಲ್ಲಿ, ಕೀಲ್ ಹಲಗೆಯ ಮೇಲೆ.