ಹಳೇ ಪೆಟ್ರೋಲ್ ಬಂಕಿನ ನೋಟಕ್ಕೆ ಯಾವುದು ಸರಿ: ನೆಲ, ಬೋರ್ಡ್, ಬೆಳಕು

ನಮ್ಮ ಮನೆ ಹಿಂದೆ 10 ಅಡಿ ಅಗಲ, 18 ಅಡಿ ಉದ್ದದ ಒಂದು ಶೆಡ್ ಇದೆ. ಅಪ್ಪನ 1969ರ ಜಾವಾ ಬೈಕ್ ನಿಲ್ಲುವುದು ಅಲ್ಲೇ. ಅದನ್ನು ಬಿಚ್ಚಿ ಜೋಡಿಸುವುದೂ ಅಲ್ಲೇ. ಆ ಗಾಡಿ ತಯಾರಾಗಿದ್ದು ಇದೇ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1996ರಲ್ಲಿ ಕಾರ್ಖಾನೆ ನಿಂತುಹೋಯಿತು, ಗಾಡಿ ಇನ್ನೂ ಓಡುತ್ತಿದೆ. ಅದಕ್ಕೆ ಅದರ ಕಾಲದ ಬಂಕಿನಂಥ ಜಾಗ ಮಾಡಿಕೊಡಬೇಕು ಅಂತ ಹೊರಟೆ. ಚಿತ್ರ ನೋಡಿ ಸಾಮಾನು ತರಲಿಲ್ಲ. ಒಂದೊಂದನ್ನೂ ಹಾಕಿ, ಅದರ ಮೇಲೆ ಕೆಲಸ ಮಾಡಿ ನೋಡಿದೆ.

ಮೊದಲು ನೆಲ. ಶೆಡ್ಡಿನಲ್ಲಿ ಮೂರು ಕಡೆ ಮೂರು ಥರ ಮಾಡಿಸಿದೆ: ಕಪ್ಪು-ಬಿಳಿ ಚೌಕಳಿ ಟೈಲ್, ಎಪಾಕ್ಸಿ ಅನ್ನುವ ಗಟ್ಟಿ ಹೊಳಪಿನ ಪೇಂಟ್, ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್. ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ಒಂದು ಪೂರ್ತಿ ಮಳೆಗಾಲ, ಮೂರರ ಮೇಲೂ ಗಾಡಿ ನಿಲ್ಲಿಸಿದೆ, ಎಣ್ಣೆ ಚೆಲ್ಲಿದೆ.

ಕಪ್ಪು-ಬಿಳಿ ಟೈಲ್ ನೋಡೋಕೆ ತುಂಬಾ ಚೆನ್ನ. ಅಂಗಡಿಯಲ್ಲಿ ಕೇಳುವಾಗ ಮಾತ್ರ ಹುಷಾರು. 'ಚೆಕರ್ಡ್ ಟೈಲ್' ಅಂದರೆ ಪಾರ್ಕಿಂಗಿಗೆ ಹಾಕುವ ಗೆರೆಗೆರೆ ಸಿಮೆಂಟ್ ಟೈಲ್ ತೋರಿಸುತ್ತಾರೆ. ನಾನು ಹಾಕಿಸಿದ್ದು ವಿಟ್ರಿಫೈಡ್. ಅದು ಎಣ್ಣೆ ಕುಡಿಯುವುದಿಲ್ಲ, ಒರೆಸಿದರೆ ಸಾಕು. ಆದರೆ ಒರೆಸೋ ತನಕ ಜಾರುತ್ತದೆ. ಒಂದು ಮೂಲೆಯಲ್ಲಿ ಟೈಲ್ ಅಡಿ ಸಿಮೆಂಟ್ ಸರಿಯಾಗಿ ತುಂಬಿರಲಿಲ್ಲ. ಅಲ್ಲಿ ಡಬಲ್ ಸ್ಟ್ಯಾಂಡ್ ಹಾಕಿದ ಕೂಡಲೇ ಟೈಲ್ ಬಿರುಕು ಬಿಟ್ಟಿತು. ಬಿಳಿ ಚೌಕದ ಮೇಲೆ ಸಣ್ಣ ಸ್ಕ್ರೂ ಬಿದ್ದರೆ ತಕ್ಷಣ ಕಾಣುತ್ತದೆ, ಅದೊಂದು ನಿಜವಾದ ಅನುಕೂಲ.

ಎಪಾಕ್ಸಿ ಮೊದಲ ತಿಂಗಳು ಕನ್ನಡಿಯ ಹಾಗಿತ್ತು. ಮಳೆ ಹಿಡಿದ ಮೇಲೆ ಗುಳ್ಳೆ ಎದ್ದವು, ಆಮೇಲೆ ಹಾಳೆ ಹಾಳೆಯಾಗಿ ಬಂತು. ತಪ್ಪು ಪೇಂಟಿನದ್ದಲ್ಲ. ನಮ್ಮ ಕಾಂಕ್ರೀಟ್ ಕೆಳಗಿನಿಂದ ತೇವ ಮೇಲೆ ಬರುತ್ತಿತ್ತು. ಹಚ್ಚುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ನೋಡಬೇಕಿತ್ತು. ಅಡಿಯಲ್ಲಿ ನೀರಿನ ಹನಿ ಕಂಡರೆ ಎಪಾಕ್ಸಿ ಬೇಡ. ನಾನು ಈ ಪರೀಕ್ಷೆ ಮಾಡಲಿಲ್ಲ, ನೀವು ಮಾಡಿ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ 28 ದಿನ ಕಾಯಿರಿ.

ರೆಡ್ ಆಕ್ಸೈಡ್ ಮಾಡುವ ಮೇಸ್ತ್ರಿ ಸಿಗುವುದೇ ಕಷ್ಟವಾಯಿತು. ಕೊನೆಗೆ ಸಿಕ್ಕಿದ ಹಿರಿಯರು ಸಿಮೆಂಟಿಗೆ ಬಣ್ಣ ಕಲೆಸಿ ಹಾಕಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದರು. ಆಮೇಲೆ ಒಂದು ವಾರ ನೀರು ಕಟ್ಟಿಸಿದರು. "ಅವಸರ ಮಾಡಿದ್ರೆ ಕೂದಲೆಳೆ ಬಿರುಕು ಬರ್ತದೆ ಸ್ವಾಮಿ" ಅಂದರು. ಇದು ಎಣ್ಣೆ ಕುಡಿಯುತ್ತದೆ, ಒಪ್ಪುತ್ತೇನೆ. ಆದರೆ ಕುಡಿದ ಕಡೆ ಕೆಂಪು ಇನ್ನಷ್ಟು ಗಾಢವಾಗುತ್ತದೆ ಅಷ್ಟೇ, ಗಲೀಜಾಗಿ ಕಾಣುವುದಿಲ್ಲ. ಸ್ಪ್ಯಾನರ್ ಬಿದ್ದರೆ ಸಣ್ಣ ಗುಳಿ. ತೇವ ಬಂದರೆ ಸುಲಿಯಲು ಮೇಲೆ ಪದರವೇ ಇಲ್ಲ. ಜಾವಾದ ಮರೂನ್ ಬಣ್ಣಕ್ಕೂ ಇದಕ್ಕೂ ಏನೋ ಬಂಧುತ್ವ ಇದ್ದ ಹಾಗಿದೆ. ಈಗ ಪೂರ್ತಿ ಶೆಡ್ಡಿಗೆ ಇದನ್ನೇ ಮಾಡಿಸಿದ್ದೇನೆ.

ಇನ್ನು ಬೋರ್ಡ್. ಬಂಕಿನ ನೋಟ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಅದೇ ಅಲ್ವಾ? ಹಳೇ ಎನಾಮೆಲ್ ಬೋರ್ಡ್ ಅಂದರೆ ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ಅದಕ್ಕೇ ಬಿಸಿಲಿಗೆ ಬಣ್ಣ ಹೋಗುವುದಿಲ್ಲ. ಕೈಯಾಡಿಸಿದರೆ ಎಷ್ಟೋ ಬೋರ್ಡುಗಳಲ್ಲಿ ಅಕ್ಷರ ಬೆರಳಿಗೆ ಸಿಗುತ್ತದೆ, ಎತ್ತಿದರೆ ಭಾರ ತಿಳಿಯುತ್ತದೆ. ಆ ಕಾಲದ ಪೆಟ್ರೋಲ್ ಕಂಪನಿಗಳಲ್ಲಿ ಎಸ್ಸೋ 1974ರಲ್ಲಿ, ಬರ್ಮಾ-ಶೆಲ್ ಮತ್ತು ಕಾಲ್ಟೆಕ್ಸ್ 1976ರಲ್ಲಿ ಸರ್ಕಾರದ ಕೈಗೆ ಬಂದವು. ಹಾಗಾಗಿ ಬರ್ಮಾ-ಶೆಲ್ ಅಂತ ಬರೆದ ಬಂಕಿನ ಬೋರ್ಡಿಗೆ ಹೆಚ್ಚುಕಡಿಮೆ ಐವತ್ತು ವರ್ಷವಾದರೂ ಆಗಿರಬೇಕು. ಮೊಳೆ ತೂತಿನ ಸುತ್ತ ಎಲ್ಲೂ ಚಕ್ಕೆ ಎದ್ದಿಲ್ಲ ಅಂದರೆ ಅನುಮಾನ ಪಡಿ. ನಾನೊಂದು ಅಸಲಿ ಬೋರ್ಡನ್ನು ಗೆಳೆಯರಿಂದ ತಂದು ಎರಡು ತಿಂಗಳು ಇಟ್ಟುಕೊಂಡಿದ್ದೆ. ಬೆಲೆ ನನ್ನ ಕೈಗೆ ಎಟುಕಲಿಲ್ಲ, ವಾಪಸ್ ಕೊಟ್ಟೆ.

ಆನ್‌ಲೈನಿನಲ್ಲಿ ಸಿಗುವ ತಗಡಿನ ಬೋರ್ಡನ್ನೂ ತರಿಸಿದೆ. ಅದರ ತುಕ್ಕು ಕೂಡ ಪ್ರಿಂಟ್ ಮಾಡಿದ್ದು. ಹತ್ತಿರ ನಿಂತರೆ ಮನಸ್ಸಿಗೆ ಒಗ್ಗುವುದಿಲ್ಲ. ಒಂದು ವಾರಕ್ಕೇ ತೆಗೆದೆ.

ಮೂರನೆಯದು ಕೈಬರಹ. ಹಿಂದೆ ಅಂಗಡಿ, ಲಾರಿಗಳಿಗೆ ಬೋರ್ಡ್ ಬರೆಯುತ್ತಿದ್ದ ಒಬ್ಬರನ್ನು ಹುಡುಕಿದೆ. ದಪ್ಪ ತಗಡಿಗೆ ಪ್ರೈಮರ್ ಹೊಡೆದು, ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹಾಕಿ, ಮೂರು ದಿನ ತೆಗೆದುಕೊಂಡು ಬರೆದರು. ಯಾವ ಕಂಪನಿ ಹೆಸರೂ ಬೇಡ ಅಂದೆ. ಹಳದಿ ಮೇಲೆ ಕೆಂಪಲ್ಲಿ 'ಗಾಳಿ ಉಚಿತ' ಅಂತ ಬರೆದು, ಅಕ್ಷರಕ್ಕೆ ಕಪ್ಪು ನೆರಳು ಕೊಟ್ಟರು. ಅಸಲಿಯ ಹತ್ತನೇ ಒಂದು ಭಾಗ ದುಡ್ಡೂ ಆಗಲಿಲ್ಲ. ಹಳೇದಲ್ಲ, ಆದರೆ ಸುಳ್ಳೂ ಅಲ್ಲ. ಆ ಕಾಲದಲ್ಲಿ ಊರೂರಿನ ಬೋರ್ಡು ಬರೆಯುತ್ತಿದ್ದುದು ಇಂಥ ಕೈಗಳೇ. ನನಗೆ ಇದೇ ಗೆದ್ದಿತು.

ಬೆಳಕಿನಲ್ಲಿ ಮಾತ್ರ ಒಂದನ್ನೇ ಆರಿಸಲು ಆಗಲಿಲ್ಲ. ಹಂಸದ ಕುತ್ತಿಗೆಯಂತೆ ಬಾಗಿದ ಪೈಪಿಗೆ ತಟ್ಟೆಯಂಥ ಶೇಡ್, ಒಳಗೆ ಹಳದಿ ಬಲ್ಬು. ಶೆಡ್ಡಿಗೆ ಜೀವ ಬಂದದ್ದೇ ಅದರಿಂದ. ಆದರೆ ಗಾಡಿಯ ವೈರಿಂಗ್ ಬಿಚ್ಚಿದ ದಿನ ಆ ಬೆಳಕಲ್ಲಿ ಕೆಂಪು ವೈರ್ ಯಾವುದು, ಕಂದು ಯಾವುದು ಅಂತ ಗೊತ್ತಾಗಲಿಲ್ಲ. ಇಂಜಿನ್ನಿನ ಸ್ಪಾರ್ಕ್ ಪ್ಲಗ್ ತೆಗೆದರೆ ಅದರ ಬಣ್ಣ ನೋಡಿ ಇಂಜಿನ್ ಸ್ಥಿತಿ ಹೇಳುವುದೂ ಕಷ್ಟ. ಅದಕ್ಕೆ ಟೇಬಲ್ ಮೇಲೆ ಬಿಳಿ ಟ್ಯೂಬ್, ಬೋರ್ಡಿನ ಮೇಲೆ ಮತ್ತು ಬಾಗಿಲ ಹೊರಗೆ ಹಳದಿ. ಸ್ವಿಚ್ ಬೇರೆ ಬೇರೆ.

ಗೋಡೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸ್ಟೆಂಪರ್ ಮೇಲೆ ಗ್ರೀಸ್ ಕೈ ತಾಗಿದರೆ ಕಲೆ ಹೋಗುವುದೇ ಇಲ್ಲ. ಹಾಗಾಗಿ ನೆಲದಿಂದ 4 ಅಡಿವರೆಗೆ ಕಡುಹಸಿರು ಆಯಿಲ್ ಪೇಂಟ್, ಮೇಲೆ ಕೆನೆ ಬಣ್ಣ. ಗಾಡಿ ಪಕ್ಕ ಕೂತು ಕೆಲಸ ಮಾಡುವವರ ಕೈ ತಾಗುವುದು ಹೆಚ್ಚೆಂದರೆ ಅಲ್ಲಿವರೆಗೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಹಸಿರು ಹಾಗೇ ಇರುತ್ತದೆ.